ಗೋಡೆಗೆ ತೂಗುಬಿದ್ದ ಕಾವಲಿ

ನಾನು ದೋಸೆ ಹುಯ್ಯುವ ಕಾವಲಿ. ಹರಿಹರದ ಕಡೆ, ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿದಾಗ ಹುಟ್ಟಿದೆ. ಹುಟ್ಟಿದ್ದೇ ಬೆಂಕಿಯಲ್ಲಿ, ನನ್ನ ಮಾತು ಬಿಸಿಯಾಗಿದ್ದರೆ ಸಹಿಸಿಕೊಳ್ಳಿ.

ಮೊದಲು ಕೊಂಡವನು ಮದುವೆ ಅಡುಗೆಯವನು. ಕೆಲಸ ಮುಗಿದರೆ ತೊಳೆಯದೆ ಮೂಲೆಗೆ ಎಸೆಯುತ್ತಿದ್ದ. ಮೈಯೆಲ್ಲ ತುಕ್ಕು ಹತ್ತಿ ಗುಜರಿ ಸೇರಿದಾಗ ದಾವಣಗೆರೆಯ ಹಾಲಮ್ಮ ನನ್ನನ್ನು ಕಂಡಳು. ಇಟ್ಟಿಗೆಪುಡಿ ಹಾಕಿ ಉಜ್ಜಿದಳು. ಎಣ್ಣೆ ಸವರಿ ಸಣ್ಣ ಉರಿಯಲ್ಲಿ ಪಳಗಿಸಿದಳು, ಬಾಣಂತಿ ಮನೆಯಲ್ಲಿ ಕೂಸಿಗೆ ಎರೆಯುವ ಹಾಗೆ. ಗಂಡ ಸತ್ತ ಮೇಲೆ ಅವಳಿಗೆ ಉಳಿದದ್ದು ಮಗಳು ಕುಮುದ ಮತ್ತು ಒಂದು ಸಣ್ಣ ಹೋಟೆಲು. ಬಾಗಿಲ ಮೇಲೆ 'ಹಾಲಮ್ಮನ ಬೆಣ್ಣೆ ದೋಸೆ' ಎಂಬ ಬೋರ್ಡು.

"ಹಾಲಕ್ಕ, ದೋಸೆ ಬರೋದ್ರಾಗೆ ಮೀಸೆ ಹಣ್ಣಾತು" ಎಂದು ಯಾರಾದರೂ ಗೊಣಗಿದರೆ, "ಹಲ್ಲು ಉದುರಿಲ್ಲಲ್ಲ, ಕೂತ್ಕಳ್ರಿ" ಎನ್ನುತ್ತಿದ್ದಳು. ಊರು ಆ ಹೆಸರು ಹುಡುಕಿಕೊಂಡು ಬರುತ್ತಿತ್ತು.

ಹಾಗೆ ಬಂದವನೇ ಕೀರ್ತಿರಾಜ. ತಿಂದ, ಹೊಗಳಿದ, ಮತ್ತೆ ಬಂದ. "ಅಮ್ಮ, ಊರೂರಲ್ಲಿ ನಿಮ್ಮ ಹೆಸರಿನ ಹೋಟೆಲ್ ಮಾಡೋಣ. ಒಂದು ಅಗ್ರಿಮೆಂಟ್ ಅಷ್ಟೇ" ಎಂದು ದಪ್ಪನೆಯ ಇಂಗ್ಲಿಷ್ ಕಾಗದ ತಂದಿಟ್ಟ.

ಕುಮುದ ಹೇಳಿದಳು, "ಅವ್ವ, ಒಬ್ಬ ವಕೀಲರಿಗೆ ತೋರ್ಸಣ."

ಹಾಲಮ್ಮನ ಅಣ್ಣ ಬಕ್ಕೇಶಪ್ಪ ಕೆರಳಿದ. "ಶುಭಕಾರ್ಯಕ್ಕೆ ಯಾರಾದ್ರೂ ವಕೀಲನ್ನ ಕರೀತಾರೇನೆ? ಜಗಳ ಆದ್ಮೇಲೆ ಅವರ ಬಾಗ್ಲು. ಈಗ್ಲೇ ಹೋದ್ರೆ ಆ ಮನುಷ್ಯ ಏನು ತಿಳ್ಕಂತಾನೆ?"

ಅಣ್ಣ ತಂಗಿ ಮಠದ ಅಯ್ಯನವರ ಹತ್ತಿರ ಹೋಗಿ ರಾಹುಕಾಲ ಕಳೆದ ಗಳಿಗೆ ಕೇಳಿಕೊಂಡು ಬಂದರು. ಕಾಗದದ ಮೂಲೆಮೂಲೆಗೂ ಅರಿಸಿನ ಹಚ್ಚಿದರು. ಒಳಗೇನಿದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಒಲೆಯ ಮೇಲೆ ನಾನು ಕುದಿಯುತ್ತಿದ್ದೆ. ಬಾಯಿ ಇಲ್ಲದ ಕಬ್ಬಿಣ ಏನು ಮಾಡೀತು? ಹಾಲಮ್ಮ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಸಹಿ ಹಾಕಿದಳು.

ಮಳೆಗಾಲ ಮುಗಿಯುವುದರೊಳಗೆ ಕೀರ್ತಿರಾಜನ ಕಂಪನಿಯವರು ಬಂದರು. ಬೋರ್ಡು ಇಳಿಸಬೇಕು, ಆ ಹೆಸರಿನಲ್ಲಿ ಇನ್ನು ಅವಳು ದೋಸೆ ಮಾರಕೂಡದು, ಹೋಟೆಲಿನ ಸಾಮಾನೂ ತಮ್ಮದೇ ಎಂದರು. ಕೀರ್ತಿರಾಜ ಫೋನೇ ಎತ್ತಲಿಲ್ಲ.

ಈಗ ವಕೀಲರು ಬೇಕಾದರು. ಫರ್ಜಾನಾ ಎಂಬ ವಕೀಲೆ ನನ್ನ ಎದುರಿನ ಬೆಂಚಿನಲ್ಲೇ ಕೂತು ಕಾಗದವನ್ನು ಪೂರ್ತಿ ಓದಿದರು.

"ತಾಳಿ ಕಟ್ಟಿದ ಮೇಲೆ ಜಾತಕ ತಂದಿದೀರಲ್ಲಮ್ಮ" ಎಂದರು. "ವಕೀಲರು ಅಂದ್ರೆ ಬರೀ ಕೋರ್ಟಲ್ಲಿ ಜಗಳ ಆಡೋರಲ್ಲ. ಸಹಿ ಹಾಕೋ ಮುಂಚೆ ಓದಿ, ಯಾವ ಮಾತು ಹೊಡೆದು ಹಾಕ್ಬೇಕು, ಯಾವುದು ಸೇರಿಸ್ಬೇಕು ಅಂತ ಹೇಳೋದೇ ನನ್ನಂಥವಳ ಕೆಲಸ. ನೀವು ಹೆಸರು ಬಳಸೋಕೆ ಕೊಟ್ಟೆ ಅಂದ್ಕೊಂಡ್ರಿ. ಇಲ್ಲಿ ಮಾರಿದೀನಿ ಅಂತ ಇದೆ."

"ನನ್ನ ಹೆಸರು, ನಮ್ಮವ್ವ ಇಟ್ಟಿದ್ದು" ಎಂದಳು ಹಾಲಮ್ಮ.

"ಗೊತ್ತಮ್ಮ. ಬೇರೆ ಹೆಸರಲ್ಲಿ ಹೋಟೆಲ್ ಮಾಡಿ. ಅದಕ್ಕೂ ಅಡ್ಡ ಬಂದ್ರೆ ನಾನಿದ್ದೀನಿ. ಈ ಹೆಸರು ವಾಪಸ್ ಸಿಗುತ್ತೆ ಅನ್ನೋ ಆಸೆ ಮಾತ್ರ ಹುಟ್ಟಿಸಲ್ಲ."

ಬಕ್ಕೇಶಪ್ಪ ತಲೆ ತಗ್ಗಿಸಿ ನೆಲ ಕೆರೆಯುತ್ತಿದ್ದ. ಅವನ ಮೇಲೂ ನನಗೆ ಸಿಟ್ಟಿದೆ. ಆದರೆ ಕೀರ್ತಿರಾಜನ ಮೇಲಿರುವುದು ಬೇರೆಯೇ ಉರಿ. ಓದಲಾರದವರ ಮುಂದೆ ಓದಲಾಗದ ಕಾಗದ ಇಟ್ಟು, ಅವರ ಕೈಯಿಂದಲೇ ಅದಕ್ಕೆ ಅರಿಸಿನ ಹಚ್ಚಿಸಿಕೊಂಡು ಹೋದನಲ್ಲ.

ಕಂಪನಿಯವರು ನನ್ನನ್ನು ಹೊತ್ತೊಯ್ದರು. ಕಪ್ಪು ಬಣ್ಣ ಬಳಿದು, ಹೊಳಪು ಹಚ್ಚಿ, ಅವರ ದೊಡ್ಡ ಹೋಟೆಲಿನ ಗೋಡೆಗೆ ತೂಗುಹಾಕಿದರು. ಪಕ್ಕದಲ್ಲಿ ನಗುವ ಹಾಲಮ್ಮನ ಫೋಟೋ. ಬಂದವರು ನನ್ನ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಒಳಗೆ ದೋಸೆ ಹುಯ್ಯುವುದು ಯಾವುದೋ ಗ್ಯಾಸಿನ ತಗಡಿನ ಮೇಲೆ.

ಒಂದು ದಿನ ಹಾಲಮ್ಮ, ಕುಮುದ ಬಂದರು. ಹೊಸ ಹೋಟೆಲಿಗೆ ಮಳಿಗೆ ಸಿಕ್ಕಿತ್ತು. ಬಾಡಿಗೆ ಕರಾರನ್ನು ಫರ್ಜಾನಾ ಓದಿ, ಎರಡು ಸಾಲು ಹೊಡೆದು ಹಾಕಿಸಿದ ಮೇಲೇ ಸಹಿಯಂತೆ. ಬೋರ್ಡಿಗೆ ಏನು ಬರೆಸುವುದೆಂದು ತಾಯಿಗೆ ಇನ್ನೂ ತೋಚಿರಲಿಲ್ಲ. ಅವಳು ಹತ್ತಿರ ಬಂದು ನನ್ನ ಮೈಮೇಲೆ ಅಂಗೈ ಇಟ್ಟಳು.

"ಅಮ್ಮ, ಅದನ್ನ ಮುಟ್ಟಬಾರ್ದು" ಎಂದ ಸಪ್ಲೈಯರ್. ಫೋಟೋ ಯಾರದೆಂದು ಅವನಿಗೇನು ಗೊತ್ತು?

ಹಾಲಮ್ಮ ಕೈ ತೆಗೆಯಲಿಲ್ಲ.

"ಸುಡಲ್ಲ ಬಿಡಪ್ಪ, ತಣ್ಣಗೈತೆ" ಎಂದಳು. "ಹೊಟ್ಟೆ ಉರಿಯೋದು ಅದಕ್ಕೇ."