ಸಿಲಿಂಡರಿನೊಳಗಿನ ವಿಭೂತಿ

ಕಲ್ಲೋಳಿಯ ಬಸವಣ್ಣೆಪ್ಪನ ಮನೆಯಲ್ಲಿ ಆ ವಾರ ಅಡುಗೆಮನೆ ಯಾವುದು, ಗ್ಯಾರೇಜು ಯಾವುದು ಎಂದು ಹೇಳುವುದೇ ಕಷ್ಟವಾಗಿತ್ತು. ರೊಟ್ಟಿ ಸುಡುವ ಹಂಚಿನ ಮೇಲೆ ಇಂಜಿನ್ನಿನ ಅರ್ಧ ಹೊಟ್ಟೆ ಕಾಯುತ್ತಿತ್ತು. ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಪಕ್ಕ ಬೇರಿಂಗುಗಳು ತಣ್ಣಗೆ ಕೂತಿದ್ದವು. ಕಾದದ್ದು ಹಿಗ್ಗುತ್ತದೆ, ತಣ್ಣಗಾದದ್ದು ಕುಗ್ಗುತ್ತದೆ, ಆಗ ಸುತ್ತಿಗೆ ಮುಟ್ಟದೆ ಒಂದರೊಳಗೊಂದು ಕೂರುತ್ತವೆ ಎಂದು ಅವನು ಹೆಂಡತಿಗೆ ವಿವರಿಸಿದ್ದ.

"ನನಗ ಹಿಗ್ಗೂದೂ ಬ್ಯಾಡ, ಕುಗ್ಗೂದೂ ಬ್ಯಾಡ. ನನ್ನ ಹಂಚ ಕೊಡ್ರಿ," ಅಂದಳು ಅನ್ನಪೂರ್ಣಾ. "ನಿನ್ನಿ ರೊಟ್ಟಿ ತಿಂದು ಮನಿಮಂದಿಯೆಲ್ಲಾ ಆಯಿಲ್ ತೇಗಾಕತ್ತಾರ."

ಬಸವಣ್ಣೆಪ್ಪ ಅರಭಾವಿಯ ಕಾಲೇಜಿನಲ್ಲಿ ಪ್ರಯೋಗಾಲಯದ ಸಹಾಯಕ. ರಜೆ ಸಿಕ್ಕರೆ ಟೂ-ಸ್ಟ್ರೋಕ್ ಇಂಜಿನ್ ಬಿಚ್ಚುವವನು. ಬಿಗಿದ ಬೋಲ್ಟನ್ನು ನಂಬದೆ ಬಿಚ್ಚಿ ಮತ್ತೆ ಬಿಗಿಯುವ, ಬಸ್ ನಿಲ್ದಾಣದವರೆಗೆ ಹೋದವನು ಬಾಗಿಲಿಗೆ ಕೀಲಿ ಹಾಕಿದೆನೋ ಇಲ್ಲವೋ ಎಂದು ಮನೆಗೆ ಮರಳುವ ಸ್ವಭಾವ. ಈಗ ಬಿಚ್ಚಿಟ್ಟದ್ದು ಅವನ ಹಳೆಯ ಬೈಕಿನ ಇಂಜಿನ್. ದೀಪ, ಮಡ್‌ಗಾರ್ಡ್ ಎಲ್ಲ ಕಿತ್ತು, ಹಲ್ಲುಹಲ್ಲಿನ ಟೈರು ಹಾಕಿ, ಕೆಸರಿನ ರೇಸಿಗೆಂದೇ ಅದನ್ನು ಬೋಳಿಸಿದ್ದ. ಓಡಿಸುವವನು ಮುದಲಗಿಯ ಮಹೇಶ, ಅನ್ನಪೂರ್ಣಾಳ ತಮ್ಮ.

ಹೋದ ಸಲ ಕೌಜಲಗಿಯ ಹೊಲದಲ್ಲಿ ಮಹೇಶ ದಿಬ್ಬ ಹಾರಿದಾಗ, ಬೈಕು ಗಾಳಿಯಲ್ಲಿದ್ದಂತೆಯೇ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತು. ಹಿಂದಿನ ಗಾಲಿ ನಿಂತಿತು, ಮಹೇಶ ಮಾತ್ರ ನಿಲ್ಲಲಿಲ್ಲ. ಪಕ್ಕದ ಉಳ್ಳಾಗಡ್ಡಿ ಮಡಿಯಲ್ಲಿ ಹೋಗಿ ಬಿದ್ದು ಭುಜದ ಎಲುಬು ಮುರಿದುಕೊಂಡ. ಪೆಟ್ರೋಲಿಗೆ ಆಯಿಲ್ ಕಡಿಮೆ ಬೆರೆಸಿದೆನೋ, ಪಿಸ್ಟನ್ನಿನ ರಿಂಗ್ ಸರಿಯಾಗಿ ಕೂರಿಸಲಿಲ್ಲವೋ ಎಂದು ಬಸವಣ್ಣೆಪ್ಪ ಇಂದಿಗೂ ಯೋಚಿಸುತ್ತಿದ್ದ. ಉತ್ತರ ಸಿಕ್ಕಿರಲಿಲ್ಲ.

ಈಗ ಭಾನುವಾರ ಹುಕ್ಕೇರಿಯಲ್ಲಿ ರೇಸು. ಮಹೇಶನ ತಾಯಿ ಶಿವವ್ವ ಒಂದು ಷರತ್ತು ಹಾಕಿದ್ದಳು: ಅಯ್ಯನವರಿಂದ ಇಂಜಿನ್ನಿಗೆ ಪೂಜೆಯಾಗಬೇಕು, ಇಲ್ಲದಿದ್ದರೆ ಮಗ ಹತ್ತುವುದಿಲ್ಲ. ಬಸವಣ್ಣೆಪ್ಪ ಒಪ್ಪಿದ. ಹೊರಮೈಗೆ ವಿಭೂತಿ ಹಚ್ಚಿದರೆ ಇಂಜಿನ್ನಿಗೆ ಏನು ಕಷ್ಟ?

ಶನಿವಾರ ಬೆಳಿಗ್ಗೆ ಶಿವವ್ವನ ಜೊತೆ ಅಯ್ಯನವರು ಬಂದರು. ಬಿಳಿ ಬಟ್ಟೆಯ ಮೇಲೆ ಇಂಜಿನ್ ಬಾಯಿ ತೆರೆದುಕೊಂಡು ಕೂತಿತ್ತು. ಗೋಕಾಕದ ಲೇತ್ ಅಂಗಡಿಯಲ್ಲಿ ಹೊಸದಾಗಿ ಕೊರೆಸಿ ತಂದ ಸಿಲಿಂಡರು ಕನ್ನಡಿಯಂತೆ ಹೊಳೆಯುತ್ತಿತ್ತು. ಅಯ್ಯನವರು ಹೊರಗೆ ಹಚ್ಚಲು ಕೈ ಚಾಚಿದರು.

"ಅಲ್ಲಲ್ರಿ ಅಯ್ಯಾರ," ಅಂದಳು ಶಿವವ್ವ. "ಹೋದ ಸಲ ಕೆಟ್ಟಿದ್ದು ಒಳಗ. ಹೊಟ್ಟಿ ನೋವಿಗೆ ಬೆನ್ನಿಗೆ ಹಚ್ಚಿದ್ರ ಹೆಂಗ?"

ಅಯ್ಯನವರಿಗೆ ಮಾತು ನ್ಯಾಯವೆನಿಸಿತು. ಗಟ್ಟಿ ವಿಭೂತಿಯನ್ನು ತಿಕ್ಕಿ, ಮೂರು ಬೆರಳು ಸಿಲಿಂಡರಿನೊಳಗೆ ಇಳಿಸಿ ಒಂದು ಸುತ್ತು ತಿರುವಿದರು. ಕೈಯಲ್ಲಿ ಉಳಿದ ಪುಡಿಯೂ ಹಾಳಾಗಬಾರದೆಂದು ಅದನ್ನು ಕೆಳಗಿನ ಬೇರಿಂಗಿನ ಮೇಲೆ ಕೊಡವಿದರು. ಆಮೇಲೆ ಪಡಸಾಲೆಗೆ ಹೋಗಿ ಹೋಳಿಗೆಯ ಮುಂದೆ ಕೂತರು.

ಶಿವವ್ವ ಮಣೆ ಎಳೆದುಕೊಂಡು ಇಂಜಿನ್ನಿನ ಮುಂದೆ ಕೂತಳು. "ಇನ್ನ ಮುಚ್ಚರಿ ಅಳಿಯಾರ. ನನ್ನ ಕಣ್ಣ ಮುಂದ ಮುಚ್ಚರಿ."

ಬಸವಣ್ಣೆಪ್ಪ ಸಿಲಿಂಡರಿನೊಳಗೆ ಇಣುಕಿ ನೋಡಿದ. ಒಳಗೆ ನಿಮಿಷಕ್ಕೆ ಸಾವಿರಾರು ಸಲ ಮೇಲೆ ಕೆಳಗೆ ಓಡುವ ಪಿಸ್ಟನ್ನಿಗೆ ಆ ಪುಡಿ ಉಸುಕಿನ ಕಾಗದವಿದ್ದಂತೆ. ಉಜ್ಜಿ, ಕಾಯಿಸಿ, ಮತ್ತೆ ಕಚ್ಚಿಸುತ್ತದೆ. ಮಹೇಶ ಮತ್ತೆ ಹಾರುತ್ತಾನೆ, ಈ ಸಲ ಉಳ್ಳಾಗಡ್ಡಿ ಮಡಿ ಇರುತ್ತದೆಯೋ ಕಲ್ಲೇ ಇರುತ್ತದೆಯೋ.

ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂದು, ಬಹಳ ಸಭ್ಯವಾಗಿ ಪಕ್ಕದಲ್ಲಿ ಕೂತಿತು. ಹೀಗೇ ಮುಚ್ಚಿಬಿಟ್ಟರೆ? ಕೆಟ್ಟರೆ ತಪ್ಪು ಅಯ್ಯನವರದು, ಶಿವವ್ವನದು, ದೇವರದು. ಬಸವಣ್ಣೆಪ್ಪನದಲ್ಲ. ಇಷ್ಟು ವರ್ಷದಲ್ಲಿ ಇಂಥ ಆರಾಮದ ಅವಕಾಶ ಅವನಿಗೆ ಸಿಕ್ಕಿರಲಿಲ್ಲ. ಅವನು ಸಿಲಿಂಡರನ್ನು ಕೈಗೆತ್ತಿಕೊಂಡ. ಪಿಸ್ಟನ್ನಿನ ಮೇಲೆ ಇಳಿಸಲು ಹೋದ. ಕೈ ನಿಂತಿತು.

"ಅತ್ತಿ, ಇದನ್ನ ತೊಳೀಬೇಕ್ರಿ."

"ಏನ್ ತೊಳೀತೀರಿ? ಅಯ್ಯಾರ ಹಚ್ಚಿದ್ದು?" ಶಿವವ್ವನ ಧ್ವನಿ ಕೇಳಿ ಅನ್ನಪೂರ್ಣಾ ತುಪ್ಪದ ಸೌಟು ಹಿಡಿದೇ ಓಡಿ ಬಂದಳು.

"ವಿಭೂತಿ ಹಣಿಗೆ ಛಲೋರಿ. ಕಣ್ಣಾಗ ಬಿದ್ರ? ಇದು ಇಂಜಿನ್ನಿನ ಕಣ್ಣ ಇದ್ದಂಗ."

"ಈಗರೆ ಹೊಟ್ಟಿ ಇತ್ತು, ಈಗ ಕಣ್ಣ ಆತೇನು?" ಶಿವವ್ವ ಪಡಸಾಲೆಯ ಕಡೆ ತಿರುಗಿದಳು. "ಅಯ್ಯಾರ! ಕೇಳಿದ್ರಿಲ್ಲೋ? ನೀವ ಹೇಳ್ರಿ!"

"ನನ್ನೇನ್ ಕೇಳಬ್ಯಾಡವಾ," ಒಳಗಿನಿಂದ ತುಂಬಿದ ಬಾಯಿಯ ಉತ್ತರ ಬಂತು. "ಊಟದಾಗ ನಾ ಮಾತಾಡಾಂವಲ್ಲ. ಇನ್ನೀಟ ತುಪ್ಪ ಹಾಕ, ಅನ್ನಪೂರ್ಣಾ."

ಬಸವಣ್ಣೆಪ್ಪ ಮಾತು ಬೆಳೆಸದೆ ಸಿಲಿಂಡರನ್ನು ಅತ್ತೆಯ ಮುಂದೆ ಹಿಡಿದ. "ಬೆರಳ ಹಾಕಿ ನೋಡ್ರಿ."

ಶಿವವ್ವ ಬೆರಳು ಇಳಿಸಿದಳು. ಒಳಗೆ ಸವರಿ, ಹೆಬ್ಬೆರಳಿಗೆ ತಿಕ್ಕಿ ನೋಡಿದಳು. ಆಯಿಲಿಗೆ ಅಂಟಿದ ಪುಡಿ ಕರಕರ ಎಂದಿತು. ಜೀವನವಿಡೀ ಜೋಳದ ಹಿಟ್ಟು ನಾದಿದ ಬೆರಳು ಅದು. ಮುಖ ಗಂಟಿಕ್ಕಿತು, ಆದರೆ ಸೋಲಲಿಲ್ಲ.

"ಉಸುಕ ಬಿದ್ದ ಹಿಟ್ಟಿನಂಗ ಐತಿ, ಖರೆ. ತೊಳೀರಿ. ಆದ್ರ ಒಂದ್ ಮಾತ. ಅದು ಒಳಗಿದ್ರ ಜವಾಬ್ದಾರಿ ದೇವರದು. ತೊಳದ ಮ್ಯಾಲೆ ಯಾರದು?"

ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲೆಂದೇ ಬಸವಣ್ಣೆಪ್ಪ ಪ್ರತಿ ಬೋಲ್ಟನ್ನು ಮೂರು ಮೂರು ಸಲ ಬಿಗಿಯುತ್ತಿದ್ದ.

"ನಂದ್ರಿ," ಅಂದ. ಧ್ವನಿ ಅಷ್ಟೇನೂ ಗಟ್ಟಿಯಾಗಿರಲಿಲ್ಲ.

"ಕೇಳಸ್ಲಿಲ್ಲ."

"ನಂದ್ರಿ ಅತ್ತಿ, ನಂದು."

ತಾಟಿನಲ್ಲಿ ಪೆಟ್ರೋಲ್ ಸುರಿದು ಎಲ್ಲವನ್ನೂ ತೊಳೆದ. ವಿಭೂತಿ ಬೆರೆತ ಆ ಪೆಟ್ರೋಲನ್ನು ಯಾರೂ ತುಳಿಯದ ಜಾಗದಲ್ಲಿ ಚೆಲ್ಲಬೇಕೆಂದು ಶಿವವ್ವ ಪಟ್ಟು ಹಿಡಿದಳು. ಅಂಥ ಜಾಗಕ್ಕಾಗಿ ಅವನು ತಾಟು ಹಿಡಿದು ಹಿತ್ತಿಲೆಲ್ಲ ಸುತ್ತಿ, ಕೊನೆಗೆ ಗೋಡೆಯ ಮೇಲಿಟ್ಟ. ಬಿಸಿಲಿಗೆ ಅದು ತಾನಾಗಿಯೇ ಆರಿಹೋಯಿತು. ಇಂಜಿನ್ ಮುಚ್ಚಿದ ಮೇಲೆ ಅಯ್ಯನವರು ತೇಗುತ್ತಾ ಬಂದು, ಹೊರಮೈಗೆ ಮೂರು ಗೆರೆ ಎಳೆದು, ಏನೂ ಕೇಳಿಸದವರಂತೆ ಹೊರಟುಹೋದರು.

ಭಾನುವಾರ ಹುಕ್ಕೇರಿಯ ಹೊರಗೆ, ಕಬ್ಬು ಕಡಿದ ಹೊಲಕ್ಕೆ ಟ್ಯಾಂಕರ್ ನೀರು ಬಿಟ್ಟು ಕೆಸರು ಮಾಡಿದ್ದರು. ಜನ ಟ್ರ್ಯಾಕ್ಟರ್ ಟ್ರೇಲರುಗಳ ಮೇಲೆ ಹತ್ತಿ ನಿಂತಿದ್ದರು. ಮಹೇಶ ಕಿಕ್ ಹೊಡೆದ. ಇಂಜಿನ್ ನೀಲಿ ಹೊಗೆ ಉಗುಳಿ ಕಿರುಚಿತು.

"ಮಾಮಾ, ಮಾರಿ ಯಾಕ ಹಿಂಗ ಮಾಡೀರಿ? ನೀವ ಓಡಸಾವ್ರಂಗ?"

"ಹೋಗೋ, ಮೊದಲನೇ ಸುತ್ತ ಎಕ್ಸಲರೇಟರ್ ಭಾಳ ತಿರುವಬ್ಯಾಡ."

ಮಹೇಶ ಕೇಳಲಿಲ್ಲ. ಮುಂದೆ ಅಡ್ಡ ಕಟ್ಟಿದ್ದ ಹಗ್ಗ ಬೀಳುವುದೇ ತಡ ಪೂರ್ತಿ ತಿರುವಿದ. ಬಸವಣ್ಣೆಪ್ಪ ಕಣ್ಣು ಮುಚ್ಚಿಕೊಂಡ. ನೋಡುವುದರಿಂದ ಅವನಿಗೆ ಏನೂ ತಿಳಿಯುತ್ತಿರಲಿಲ್ಲ, ಕೇಳಬೇಕಿತ್ತು. ಪಕ್ಕದಲ್ಲಿ ಶಿವವ್ವ ಮಗನನ್ನು ನೋಡದೆ ಅಳಿಯನ ಮುಖವನ್ನೇ ನೋಡುತ್ತಿದ್ದಳು.

ದೊಡ್ಡ ದಿಬ್ಬದ ಹತ್ತಿರ ಸದ್ದು ಮೇಲೇರಿತು. ಗಾಲಿ ನೆಲ ಬಿಟ್ಟಿತು. ಸದ್ದು ತಟ್ಟನೆ ಕಡಿಮೆಯಾಯಿತು. ಬಸವಣ್ಣೆಪ್ಪ ಕಣ್ಣು ತೆರೆದುಬಿಟ್ಟ. ಮಹೇಶ ಗಾಳಿಯಲ್ಲಿ ಎಕ್ಸಲರೇಟರ್ ಸಡಿಲ ಬಿಟ್ಟಿದ್ದ, ಅಷ್ಟೇ. ಗಾಲಿ ಕೆಸರಿಗೆ ಬಡಿಯಿತು, ಇಂಜಿನ್ ಮತ್ತೆ ಕಿರುಚಿತು, ಆ ಸದ್ದು ದೂರ ದೂರ ಹೋಗುತ್ತಾ ಒಂದೇ ಸಮನೆ ಉಳಿಯಿತು.

ಕೊನೆಯ ಸುತ್ತು ಮುಗಿದಾಗ ಮಹೇಶ ಬಹಳ ಜನರ ಹಿಂದಿದ್ದ. ಗೆದ್ದವನಿಗೆ ಹಾರ ಹಾಕಿ ಮೆರೆಸುವಷ್ಟರಲ್ಲಿ ಅವನು ತಲೆಯಿಂದ ಕಾಲವರೆಗೆ ಕೆಸರಾಗಿ ಬಂದು ನಿಂತ. ಎಲುಬುಗಳೆಲ್ಲ ಇದ್ದಲ್ಲೇ ಇದ್ದವು. "ಯವ್ವಾ, ಹಸಿವ್ಯಾಗೇತಿ!" ಎಂದು ತಾಯಿಯ ಬುತ್ತಿಗೆ ಕೈ ಹಾಕಿದ.

ಶಿವವ್ವ ಆ ಕೈಗೆ ಬಡಿದಳು. ರೊಟ್ಟಿ, ಶೇಂಗಾ ಚಟ್ನಿ ತೆಗೆದು ಬಸವಣ್ಣೆಪ್ಪನ ಮುಂದೆ ಹಿಡಿದಳು.

"ಮೊದಲ ನೀವ ತಿನ್ರಿ ಅಳಿಯಾರ. ಅಂವೇನು, ಬರೇ ಮ್ಯಾಲ ಕುಂತಿದ್ದ."