ಕೆಂಪು ಹೊಲಿಗೆಯ ಟವಲು

ಲಾಲಪ್ಪ ಕೈಚೀಲದಿಂದ ಟವಲು ತೆಗೆದು ಕೊಡವಿದಾಗ ಕಸ್ತೂರೆಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಪಡಸಾಲೆಯ ಜಮಖಾನದ ಮೇಲೆ ಅವಳ ಗಂಡ ಸಂಗನಬಸವ ತಲೆ ತಗ್ಗಿಸಿ ಕೂತಿದ್ದ. ಬೀಗ ಲಾಲಪ್ಪ ಬಳಗಾನೂರಿನಿಂದ ಮೊದಲ ಬಸ್ಸಿಗೇ ಬಂದಿದ್ದು ಇವರ ಕಿರಿಮಗಳು ಅಶ್ವಿನಿಯನ್ನು ತನ್ನ ಮಗನಿಗೆ ಕೇಳಲಿಕ್ಕೆ. ಹಿರಿಮಗಳು ಶಿವಕುಮಾರಿ ಜ್ವರದಲ್ಲಿ ತೀರಿಕೊಂಡು ಐದು ತಿಂಗಳಾಗಿತ್ತು. ಅವಳ ಗಂಡ ಸಿದ್ದರಾಮೇಶ, ತನ್ನ ಅಪ್ಪ ಲಾಲಪ್ಪನ ಪಕ್ಕದಲ್ಲಿ ಕೂತು ಮೊಬೈಲಿನ ಗಾಜು ಒರೆಸುತ್ತಿದ್ದ. ಲಾಲಪ್ಪ ಟವಲು ಹೊದಿಸಬೇಕು, ಸಂಗನಬಸವ ಅದನ್ನು ಹೆಗಲ ಮೇಲೆ ಉಳಿಸಿಕೊಳ್ಳಬೇಕು. ಅಲ್ಲಿಗೆ ಮಾತು ಮುಗಿದಂತೆ, ಅಕ್ಕನ ಜಾಗಕ್ಕೆ ತಂಗಿ.

ಕಸ್ತೂರೆಮ್ಮನೂ ನಿನ್ನೆ ಹೂಂ ಅಂದಿದ್ದಳು. ಹೆರಿಗೆಗೆ ಬಂದ ಮಗಳು ಗಂಡನ ಮನೆಗೆ ತಿರುಗಿ ಹೋಗಲೇ ಇಲ್ಲ. ಎಂಟು ತಿಂಗಳ ಕೂಸು ಹುಟ್ಟಿದಾಗಿನಿಂದ ಮಸ್ಕಿಯ ಈ ಮನೆಯಲ್ಲೇ ಇತ್ತು, ಅಶ್ವಿನಿಯ ಕಂಕುಳು ಬಿಟ್ಟು ಇಳಿಯುತ್ತಿರಲಿಲ್ಲ. ಬೇರೆ ಮನೆಯ ಹೆಣ್ಣು ಬಂದು ಅದನ್ನು ಹೇಗೆ ನೋಡಿಕೊಳ್ಳುತ್ತಾಳೋ ಏನೋ. ಅಶ್ವಿನಿಯನ್ನು ಕೇಳಿದರೆ "ನೀವು ಹೆಂಗಂತೀರಿ ಹಂಗ" ಅಂದು, ಸಿಂಧನೂರು ಕಾಲೇಜಿನ ಪುಸ್ತಕಗಳನ್ನೆಲ್ಲ ಕಟ್ಟು ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದಳು. ತಾಯಿ ಅದನ್ನು ನೋಡಿಯೂ ನೋಡದ ಹಾಗೆ ಇದ್ದುಬಿಟ್ಟಿದ್ದಳು.

ಈ ಸೀಮೆಯಲ್ಲಿ ಆಹೇರಿಯೆಂದು ಉಡುಗೊರೆ ಕೊಡುವ ಟವಲುಗಳ ಹಣೆಬರಹವೇ ಒಂದು ತಮಾಷೆ. ಮದುವೆಗೊಂದು, ಹೊಸ ಮನೆಗೊಂದು, ಸತ್ತವರ ದಿನಕ್ಕೊಂದು ಅಂತ ಹೆಗಲಿಗೇರುವ ಇವು ಯಾರ ಒದ್ದೆ ಮೈಯನ್ನೂ ಕಂಡವಲ್ಲ. ಬರೀ ಗಂಜಿ. ಒರೆಸಿಕೊಳ್ಳಲು ಹೋದರೆ ನೀರು ಹೀರುವ ಬದಲು ಮೈತುಂಬ ಸವರಿಬಿಡುತ್ತವೆ. ಹಾಗಾಗಿ ಈ ಟ್ರಂಕಿನಿಂದ ಆ ಟ್ರಂಕಿಗೆ, ಲಿಂಗಸುಗೂರಿನಿಂದ ಸಿಂಧನೂರಿಗೆ, ಬಸ್ಸಿನ ಕಂಡಕ್ಟರನಿಗಿಂತ ಹೆಚ್ಚು ತಿರುಗುತ್ತವೆ. ಕೊಟ್ಟವರಿಗೇ ತಿರುಗಿ ಕೊಟ್ಟು ನಗೆಪಾಟಲಾದವರು ಬೇಕಾದಷ್ಟು ಮಂದಿ. ಅದಕ್ಕೇ ಕಸ್ತೂರೆಮ್ಮ ತಾನು ಕೊಡುವ ಪ್ರತಿ ಟವಲಿನ ಮೂಲೆಗೆ ಕೆಂಪು ದಾರದ ಎರಡು ಹೊಲಿಗೆ ಹಾಕುತ್ತಿದ್ದಳು. ಹಾಗೆ ಹಾಕಿದ್ದು ಎರಡು ಸಲ ಇದೇ ಮನೆಗೆ ವಾಪಸು ಬಂದು, ತಾಯಿ ಮಕ್ಕಳು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಲಾಲಪ್ಪ ಈಗ ಹೊದಿಸಿದ್ದು ತಿಳಿಹಳದಿ ಬಣ್ಣದ, ದಪ್ಪನೆಯ ಟರ್ಕಿ ಟವಲು. ಗಂಡನ ಎದೆಯ ಮೇಲೆ ಇಳಿಬಿದ್ದ ಮೂಲೆಯಲ್ಲಿ ಎರಡು ಕೆಂಪು ಹೊಲಿಗೆ ಇದ್ದವು.

ಕಸ್ತೂರೆಮ್ಮನಿಗೆ ಕೂಡಲೇ ಗುರುತು ಸಿಕ್ಕಿತು. ಮದುವೆಯಲ್ಲಿ ಅಳಿಯನಿಗೆ ಹೊದಿಸಿದ ಟವಲದು. ಆರಿಸಿದವಳು ಶಿವಕುಮಾರಿಯೇ. ಸಿಂಧನೂರಿನ ಅಂಗಡಿಯಲ್ಲಿ ಕೆನ್ನೆಗೆ ಒತ್ತಿ ಒತ್ತಿ ನೋಡಿ, "ಇದು ಛಲೋ ನೀರು ಹೀರತೈತಿ ನೋಡಬೇ, ಇದನ್ನ ತಗೊ" ಅಂದಿದ್ದಳು. ಆಮೇಲೆ ಬಸುರಿದ್ದಾಗ ಫೋನಿನಲ್ಲಿ, "ಆ ಟವಲ್ ಅವರಿಗೆ ಕೊಟ್ಟಿಲ್ಲ. ನನ್ನ ಟ್ರಂಕಿನಾಗ ಇಟ್ಟೀನಿ. ನಾಳೆ ಕೂಸಿಗೆ ಎರದ ಮ್ಯಾಲೆ ಒರಸಾಕ ಬೇಕು" ಅಂತ ನಕ್ಕಿದ್ದಳು. ಆ ಟ್ರಂಕು ಬಳಗಾನೂರಿನಲ್ಲಿತ್ತು. ಹೆರಿಗೆಗೆ ಬರುವಾಗ ಮಗಳು ತಂದ ಕೀಲಿ ಇನ್ನೂ ಕಸ್ತೂರೆಮ್ಮನ ಸೊಂಟದಲ್ಲಿತ್ತು.

ಅವಳು ತಟ್ಟೆ ಕೆಳಗಿಟ್ಟು ಪಡಸಾಲೆಗೆ ಬಂದಳು. ಗಂಡಸರ ಮಾತಿನ ನಡುವೆ ಎಂದೂ ಹಾಗೆ ಬಂದವಳಲ್ಲ.

"ಶಿವಿ ಟ್ರಂಕಿನ ಕೀಲಿ ನನ್ನ ಹಂತ್ಯಾಕ ಐತಿ. ಹೆಂಗ ತಗದ್ರಿ ಅಳಿಯಂದ್ರ?"

ಸಿದ್ದರಾಮೇಶ ಅಪ್ಪನ ಮುಖ ನೋಡಿದ. "ಅವ್ವ ಒಡಿಸ್ಯಾಳ್ರಿ. ಇವತ್ತಿಗೆ ಒಂದು ಛಲೋ ಟವಲ್ ಬೇಕಾಗಿತ್ತಂತ."

"ಒಳಗ ಇನ್ನ ಏನೇನಿತ್ತು?"

"ನಾ ನೋಡಿಲ್ರಿ."

ಕೆಟ್ಟವನೇನಲ್ಲ ಅವನು. ಮಾತು ಮೆತ್ತಗೆ, ಕುಡಿತವಿಲ್ಲ. ಹೆಂಡತಿ ಸತ್ತ ದಿನ ಗೋಡೆಗೆ ಹಣೆ ಬಡಿದುಕೊಂಡು ಅತ್ತಿದ್ದ. ಆದರೆ ಅವಳ ಟ್ರಂಕು ಒಡೆಯುವಾಗ ಒಂದು ಸಲ ಬಗ್ಗಿ ಸಹ ನೋಡಲಿಲ್ಲವಲ್ಲ ಅಂತ ಕಸ್ತೂರೆಮ್ಮನಿಗೆ ಅನ್ನಿಸಿತು. ನಾಳೆ ಅದೇ ಮನೆಯಲ್ಲಿ ಅಶ್ವಿನಿ ಹೇಗಿದ್ದಾಳೆ ಅಂತ ಯಾರು ನೋಡುತ್ತಾರೆ? ಬಗ್ಗಿ ಗಂಡನ ಹೆಗಲಿಂದ ಟವಲು ತೆಗೆದಳು.

"ಏನ್ ಮಾಡಾಕತ್ತಿ ನೀ?" ಸಂಗನಬಸವ ಗಾಬರಿಯಾದ.

"ಅಶ್ವಿನಿನ್ನ ಕೊಡಂಗಿಲ್ಲ ಅಂತ ಹೇಳ್ರಿ."

ಅವನು ಟವಲಿನ ಮೂಲೆ ಹಿಡಿದ. ಕೆಂಪು ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದ. "ಇಕಿ ಹೇಳಿದ್ದ ಖರೆ, ಬೀಗರ. ಕೊಡಂಗಿಲ್ಲ" ಅಂದು ಕೈಬಿಟ್ಟ.

ಲಾಲಪ್ಪ ಕೂಗಾಡಲಿಲ್ಲ. ಟೊಪ್ಪಿಗೆ ಸರಿಮಾಡಿಕೊಂಡು, "ಒಂದ್ ಟವಲ್ ಸಲುವಾಗಿ ಮಾತು ಮುರೀತೀರಿ ಅಂದ್ರ ಮುರೀರಿ. ಆದ್ರ ಕೂಸು ನಮ್ಮ ಮನಿದು. ಇವನಿಗೆ ಬ್ಯಾರೆ ಕಡೆ ನೋಡತೀವಿ. ಹನ್ನೊಂದರ ಬಸ್ಸಿಗೆ ಕೂಸಿನ್ನ ಕರಕೊಂಡ್ ಹೋಗ್ತೀವಿ" ಅಂದ.

"ವರ್ಷ ತುಂಬೂತನಕರ ಇರ್ಲಿರೀ. ನಿಮ್ಮ ಕಾಲು ಬೀಳ್ತೀನಿ" ಅಂದಳು ಕಸ್ತೂರೆಮ್ಮ.

"ಎರಡೂ ನಿಮಗ ಬೇಕಂದ್ರ ಹೆಂಗ, ತಂಗಿ?"

ಅಶ್ವಿನಿಯನ್ನು ಉಳಿಸಿಕೊಂಡರೆ ಕೂಸನ್ನು ಕೊಡಬೇಕಾಗುತ್ತದೆ ಅಂತ ಟವಲಿಗೆ ಕೈ ಹಾಕುವಾಗಲೇ ಅವಳಿಗೆ ಗೊತ್ತಿತ್ತು. ಗೊತ್ತಿತ್ತು ಅಂದಮಾತ್ರಕ್ಕೆ ಎದೆ ಒಡೆಯುವುದು ತಪ್ಪುತ್ತದೆಯೇ? ಒಳಗೆ ಹೋಗಿ ಅಂಗಿ ಕುಲಾಯಿ, ಹಾಲಿನ ಬಾಟಲಿ ಚೀಲಕ್ಕೆ ತುಂಬಿದಳು. ಕೂಸಿಗೆ ಎರೆದು, ಅದೇ ಹಳದಿ ಟವಲಿನಿಂದ ಒರೆಸಿದಳು. ಮಗಳು ಹೇಳಿದ್ದು ನಿಜ, ಒಂದೇ ಸಲಕ್ಕೆ ನೀರೆಲ್ಲ ಹೀರಿತು.

ಬಸ್ ಸ್ಟ್ಯಾಂಡಿಗೆ ಕೂಸನ್ನು ಎತ್ತಿಕೊಂಡು ಬಂದವಳು ಅಶ್ವಿನಿ. ಬಳಗಾನೂರಿನ ಬಸ್ಸು ತಿರುಗಿ ನಿಂತಾಗ ತಾಯಿಯ ಕಡೆ ನೋಡದೆ, "ಅವ್ವಾ, ನಾ ಹೋಗ್ತೀನಬೇ ಇದರ ಸಂಗಾಟ" ಅಂದಳು.

"ಬ್ಯಾಡ."

"ಇದು ನನ್ನ ಬಿಟ್ಟು ಮಲಗಂಗಿಲ್ಲ."

"ಕೊಡವ್ವ ಅವರಿಗೆ" ಅಂದಳು ಕಸ್ತೂರೆಮ್ಮ. ಆ ದನಿ ತನ್ನದೇ ಅಂತ ಅವಳಿಗೆ ಅನ್ನಿಸಲಿಲ್ಲ.

ಸಿದ್ದರಾಮೇಶ ಎರಡೂ ಕೈ ಚಾಚಿದ. ಕೂಸು ಅಶ್ವಿನಿಯ ಹೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತ್ತು. ಅಶ್ವಿನಿ ಕಿರುಬೆರಳು ಬಿಡಿಸಿದಳು, ಅದರ ಪಕ್ಕದ್ದು ಬಿಡಿಸಿದಳು. ಮೂರನೆಯದಕ್ಕೆ ಬರುವಷ್ಟರಲ್ಲಿ ಮೊದಲಿನ ಎರಡೂ ಮತ್ತೆ ಹಿಡಿದುಕೊಂಡವು. ಚಿಕ್ಕಮ್ಮ ಆಟ ಆಡಿಸುತ್ತಿದ್ದಾಳೆ ಅಂದುಕೊಂಡ ಕೂಸು ಕಿಲಕಿಲ ನಕ್ಕಿತು. ಅಶ್ವಿನಿ ಕಿರುಬೆರಳಿನಿಂದ ಮತ್ತೆ ಶುರುಮಾಡಿದಳು.