ನಾಗವ್ವ ತಿಕ್ಕೂದು ಬಿಟ್ಟ ದಿನ

ಹತ್ತಿಮತ್ತೂರಾಗ ಯಾರಿಗರ ಹೊಟ್ಟಿನೋವು ಅಂದ್ರ ಸಾಕು, ಮೊದಲ ನಾಗವ್ವಗ ಹೇಳಿ ಕಳಸೋರು. "ಭಾರ ಎತ್ತಿ ಹೊಕ್ಕಳದ ಬಟ್ಟಿ, ಅಂದ್ರ ಒಳಗಿನ ನರ, ಜಾಗಾ ಬಿಟ್ಟು ಸರದೈತಿ" ಅಂತಿದ್ಲು ಆಕಿ. ಹೊಟ್ಟಿಗೆ ಎಣ್ಣಿ ಹಚ್ಚಿ ತಿಕ್ಕಿ, ಬಟ್ಟಿ ತಿರುಗಿ ಜಾಗಾಕ್ಕ ಕೂಡಸ್ತಿದ್ಲು. ನೂರಾರು ಮಂದಿಗೆ ಆರಾಮ ಆಗಿತ್ತು. ಇಬ್ಬರು ಮಾತ್ರ ತೀರಿಕೊಂಡಿದ್ರು. ಅದು ಅವರ ಹಣೇಬರಹ ಅಂತ ಊರೂ ಅಂತು, ನಾಗವ್ವನೂ ಅಂದ್ಲು.

ಒಂದಿನ ಆಕಿಗಿದ್ದ ಒಬ್ಬನೇ ಮಗ ಉಳಿವೆಪ್ಪ ಹೊಟ್ಟಿ ಹಿಡಕೊಂಡು ಹೊಲದಿಂದ ಬಂದ. ಮೊದಲ ಹೊಕ್ಕಳ ಸುತ್ತ ಇದ್ದ ನೋವು ಆಮ್ಯಾಲ ಬಲಕ್ಕ, ಕೆಳಗ ಇಳೀತು. ವಾಂತಿ ಆತು, ಮೈ ಸುಡಾಕತ್ತಿತು.

"ಶೇಂಗಾ ಚೀಲ ಎತ್ತಿದ್ಯಲ್ಲೋ, ಬಟ್ಟಿ ಸರದೈತಿ" ಅಂತ ನಾಗವ್ವ ತಿಕ್ಕಿದ್ಲು, ಹೊಟ್ಟಿ ತೊಳೀಲಿ ಅಂತ ಔಡಲೆಣ್ಣಿನೂ ಕುಡಿಸಿದ್ಲು.

ಮರುದಿನ ಮುಂಜಾನೆ ಮಗ ಅಂದ, "ನೋವು ಒಮ್ಮಿಗಿಲೆ ಕಡಿಮಿ ಆತವ್ವ." ನಾಗವ್ವಗ ಹೋದ ಜೀವ ಬಂದಂಗಾತು.

ಬಾಜೂಮನಿ ರೋಶನಬಿ ಸವಣೂರ ದವಾಖಾನ್ಯಾಗ ಆಯಾ ಆಗಿದ್ದಾಕಿ. ಬಂದು ನೋಡಿದ್ಲು. "ನಾಗಕ್ಕಾ, ನೋವು ಹೋದಂವ ಮಗ್ಗಲಾ ಹೊಳ್ಳಾಕ ಯಾಕ ಅಂಜಾಕತ್ತಾನ? ಜ್ವರ ಯಾಕ ಏರೈತಿ?"

"ಸುಮ್ನಿರ ರೋಶನಬಿ, ದವಾಖಾನ್ಯಾಗ ಹೊಟ್ಟಿ ಕೊಯ್ತಾರ."

"ಕೊಯ್ದು ಹೊಲೀತಾರ. ನನ್ನ ಮಾತು ಬಿಡು, ನಿನ್ನ ಕೈನ ಕೇಳು. ತಿಕ್ಕಬ್ಯಾಡ, ಹಗೂರಕ ಇಟ್ಟು ನೋಡು."

ನಾಗವ್ವ ಕೈ ಇಟ್ಲು. ಹೊಟ್ಟಿ ಹಲಗಿ ಹಂಗ ಬಿರುಸಾಗಿತ್ತು. ಕೈ ತಗದ ಕೂಡಲೆ ಮಗ ಹಲ್ಲು ಕಡದ. ಇಂಥಾ ಹೊಟ್ಟಿ ಆಕಿ ಹಿಂದ ಎರಡು ಸಲ ಮುಟ್ಟಿದ್ಲು. ಆ ಇಬ್ಬರದೂ ಹಿಂಗ ಇತ್ತು. ಆಕಿ ಎಣ್ಣಿ ಬಟ್ಟಲಾ ಅತ್ತಾಗ ಸರಿಸಿದ್ಲು.

"ಗಾಡಿ ಹೂಡಸು" ಅಂದ್ಲು.

ದಾರ್ಯಾಗ ಮಗ ನೀರು ಕೇಳಿದ್ರೂ, ಆಪರೇಶನ್ ಆಗೂದಾದ್ರ ಹೊಟ್ಟಿ ಖಾಲಿ ಇರಬೇಕು ಅಂತ ರೋಶನಬಿ ಕುಡಿಸಲಿಲ್ಲ, ಹಸಿ ಅರಿವಿಲೆ ತುಟಿ ಅಷ್ಟ ಒರಸಿದ್ಲು. ಸವಣೂರಾಗ ಆಪರೇಶನ್ ಮಾಡ್ತಿದ್ದಿಲ್ಲ, ಅಲ್ಲಿಂದ ಮೋಟಾರು ಹಿಡದು ಹುಬ್ಬಳ್ಳಿ ದೊಡ್ಡ ದವಾಖಾನಿ ಮುಟ್ಟಿದ್ರು. ಆಪರೇಶನ್ ಮುಗಿಸಿ ಡಾಕ್ಟರು ಹೇಳಿದ್ರು, "ದೊಡ್ಡ ಕರಳಿಗೆ ಹತ್ತಿದ ಅಪೆಂಡಿಕ್ಸ್ ಅನ್ನೋ ಬೆರಳಿನಂಥ ಚೀಲ ಕೀವು ತುಂಬಿ ಒಡದಿತ್ತು. ಒಡದಾಗ ನೋವು ಇಳದಂಗ ಅನಸ್ತೈತಿ. ಇನ್ನೊಂದು ದಿನ ತಡದಿದ್ರ ಉಳೀತಿದ್ದಿಲ್ಲ."

ಉಳಿವೆಪ್ಪ ಉಳದ. ಈಗೂ ಮಂದಿ ನಾಗವ್ವನ್ನ ಕರೀತಾರ. ಆಕಿ ಹೋಗ್ತಾಳ, ತಿಕ್ಕೂದಿಲ್ಲ. "ಆ ಇಬ್ಬರನ್ನ ತಿಕ್ಕಿದ್ದು ನಾನ. ಹಣೇಬರಹ ಅಲ್ಲ ಅದು" ಅಂತ ಬಾಯಿಬಿಟ್ಟು ಹೇಳಿ, ದವಾಖಾನಿಗೆ ಹೊಂಡಸ್ತಾಳ.

ಕೇಳಾಕತ್ತಿರೋ ಅಕ್ಕಗೋಳ್ರಾ, ಅಣ್ಣಗೋಳ್ರಾ, ಹೊಟ್ಟಿನೋವು ತಾಸಿಗೆ ತಾಸು ಹೆಚ್ಚಾದ್ರ, ಹೊಟ್ಟಿ ಬಿರುಸಾದ್ರ, ಜ್ವರ ವಾಂತಿ ಕೂಡಿ ಬಂದ್ರ ತಿಕ್ಕಬ್ಯಾಡ್ರಿ, ಔಡಲೆಣ್ಣಿ ಕುಡಿಸಬ್ಯಾಡ್ರಿ. ನೋವು ಒಮ್ಮಿಗಿಲೆ ನಿಂತ್ರೂ ಹಿಗ್ಗಬ್ಯಾಡ್ರಿ. ಗಾಡಿ ಹೂಡ್ರಿ.